ಮಂಗಳವಾರದ ಸಭೆ, ಒಂದು ಮೋರಿ

ಮಂಗಳವಾರ ಬಂತು ಅಂದರೆ ನನಗೆ ಬೇಗ ಎಚ್ಚರ ಆಗುತ್ತದೆ. ತಿಂಡಿ ಮುಗಿಸಿ, ಫೈಲು ಹಿಡಿದು, ಎಂಟೂವರೆಗೆಲ್ಲ ಕಾರಿನಲ್ಲಿ ಕೂತಿರುತ್ತೇನೆ. ಅಳಿಯಂದಿರು ಆಫೀಸಿಗೆ ಹೋಗುವ ದಾರಿಯಲ್ಲಿ ನನ್ನನ್ನು ಕೌಂಟಿ (ನಮ್ಮ ಜಿಲ್ಲೆಯ ಥರದ್ದು) ಕಟ್ಟಡದ ಮುಂದೆ ಇಳಿಸುತ್ತಾರೆ. "ಅತ್ತೆ, ಮುಗಿದ ಮೇಲೆ ಫೋನ್ ಮಾಡಿ" ಅಂತ ಹೇಳಿ ಹೊರಡುತ್ತಾರೆ. ಒಳಗೆ ಕೌಂಟಿಯ ಆಡಳಿತ ಸಭೆ ನಡೆಯುವ ದೊಡ್ಡ ಹಾಲ್. ಎಂಬತ್ತು ಕುರ್ಚಿ ಇರಬಹುದು. ಕೂತಿರುವ ಜನ ಎಂಟೋ ಹತ್ತೋ. ಅವರಲ್ಲೂ ಅರ್ಧಕ್ಕಿಂತ ಜಾಸ್ತಿ ಕೌಂಟಿ ನೌಕರರೇ. ನಾನು ಎರಡನೇ ಸಾಲಿನ ತುದಿ ಕುರ್ಚಿಯಲ್ಲಿ ಕೂರುತ್ತೇನೆ.

ನಾನು ಲೋಕೋಪಯೋಗಿ ಇಲಾಖೆಯ ಸಬ್ ಡಿವಿಷನ್ ಆಫೀಸಿನಲ್ಲಿ, ಲೆಕ್ಕಪತ್ರದ ಕಡೆ, 31 ವರ್ಷ ಕೆಲಸ ಮಾಡಿದವಳು. ಬಿಲ್ಲು, ಓಚರು, ಅಳತೆ ಪುಸ್ತಕ, ಇವೇ ನನ್ನ ಜೀವನ ಆಗಿತ್ತು. ನಿವೃತ್ತಿ ಆದಮೇಲೆ ಮಗಳ ಮನೆಗೆ ಬಂದೆ. ಟೆಕ್ಸಸ್‌ನಲ್ಲಿ, ಆಸ್ಟಿನ್ ನಗರದಿಂದ ಉತ್ತರಕ್ಕೆ. ಬಂದ ಹೊಸದರಲ್ಲಿ ಇಲ್ಲಿನ ಸರ್ಕಾರದ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಗೊತ್ತಾಗಿದ್ದು ಒಂದು ಮೋರಿಯಿಂದ.

ಮೊಮ್ಮಗಳ ಸ್ಕೂಲ್ ಬಸ್ಸು ಹೋಗುವ ರಸ್ತೆಯಲ್ಲಿ ಒಂದು ಸಣ್ಣ ಹಳ್ಳ ಇದೆ. ಹಳ್ಳದ ಮೇಲೆ ಹಳೇ ಪೈಪ್ ಮೋರಿ. ಒಂದು ಮೇ ತಿಂಗಳ ಮಳೆಗೆ ಮೋರಿಯ ಒಂದು ಅಂಚಿನ ಮಣ್ಣು ಕೊಚ್ಚಿಹೋಯಿತು. ಡಾಂಬರಿನ ಕೆಳಗೆ ಟೊಳ್ಳು. ಯಾರೋ ಬಂದು ನಾಲ್ಕು ಕೋನ್ ಇಟ್ಟು ಹೋದರು. ಬಸ್ಸು ಆ ಪಕ್ಕ ಬಿಟ್ಟು ಈ ಪಕ್ಕದಲ್ಲಿ ಹೋಗತೊಡಗಿತು. ಒಂದು ವಾರ ಆಯಿತು, ಎರಡು ವಾರ ಆಯಿತು, ಕೋನ್ ಅಲ್ಲೇ ಇದ್ದವು. ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮೋರಿ ಕುಸಿದದ್ದನ್ನು ನಾನು ಫೋಟೋದಲ್ಲಿ ಮಾತ್ರ ನೋಡಿದವಳಲ್ಲ. ಮಳೆಗಾಲದ ತುರ್ತು ಕೆಲಸದ ಬಿಲ್ಲುಗಳಲ್ಲಿ ಎಷ್ಟು ಮೋರಿಗಳ ಕಥೆ ಓದಿದ್ದೇನೋ ಲೆಕ್ಕ ಇಲ್ಲ.

"ಈ ರಸ್ತೆ ಯಾರದ್ದು?" ಅಂತ ಮಗಳನ್ನು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ. ಹುಡುಕಿದೆವು. ಇಲ್ಲಿ ಒಂದೇ ಊರಿನ ಸುತ್ತ ನಾಲ್ಕು ಥರದ ರಸ್ತೆ ಇರುತ್ತವೆ. ಎಫ್.ಎಂ. (ಫಾರ್ಮ್ ಟು ಮಾರ್ಕೆಟ್) ಅಂತ ನಂಬರ್ ಇದ್ದರೆ ರಾಜ್ಯದ್ದು. ಊರಿನ ಗಡಿಯೊಳಗಿನದ್ದು ಸಾಮಾನ್ಯವಾಗಿ ಸಿಟಿಯದ್ದು. ಸಿ.ಆರ್. (ಕೌಂಟಿ ರೋಡ್) ಅಂತ ಇದ್ದರೆ ಕೌಂಟಿಯದ್ದು. ನಾಲ್ಕನೆಯದು ಖಾಸಗಿ. ಖಾಸಗಿ ರಸ್ತೆಗೆ ಸಾಮಾನ್ಯವಾಗಿ ಕೌಂಟಿ ಒಂದು ಬುಟ್ಟಿ ಜಲ್ಲಿ ಕೂಡ ಹಾಕುವಂತಿಲ್ಲ. ಸಾರ್ವಜನಿಕ ಹಣವನ್ನು ಖಾಸಗಿಯವರಿಗೆ ದಾನ ಕೊಡಬಾರದು ಅಂತ ಟೆಕ್ಸಸ್ ಸಂವಿಧಾನದಲ್ಲೇ ಇದೆ. ಪಾಪ, ನಮ್ಮ ಪರಿಚಯದ ಒಬ್ಬರು ಮನೆ ಕೊಳ್ಳುವಾಗ ಇದನ್ನು ವಿಚಾರಿಸಿರಲಿಲ್ಲ. ಈಗ ಹನ್ನೊಂದು ಮನೆಯವರು ಸೇರಿ ಸ್ವಂತ ದುಡ್ಡಿನಲ್ಲಿ ಗುಂಡಿ ಮುಚ್ಚಿಸುತ್ತಿದ್ದಾರೆ. ಮನೆ ನೋಡಲು ಹೋದಾಗ ಅಡುಗೆಮನೆ ನೋಡುವ ಮೊದಲು ರಸ್ತೆ ಯಾರದ್ದು ಅಂತ ಕೇಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ನಮ್ಮ ಮೋರಿ ಸಿ.ಆರ್. ರಸ್ತೆಯಲ್ಲಿತ್ತು. ಹಾಗಾಗಿ ಅದು ಕೌಂಟಿಯದ್ದು.

ಟೆಕ್ಸಸ್‌ನಲ್ಲಿ 254 ಕೌಂಟಿಗಳಿವೆ. ಪ್ರತಿಯೊಂದನ್ನೂ ನಡೆಸುವುದು ಕಮಿಷನರ್ಸ್ ಕೋರ್ಟ್. ಹೆಸರು ಕೋರ್ಟ್ ಆದರೂ ಇದು ಕೌಂಟಿಯ ಆಡಳಿತ ಸಭೆ. ಐದು ಜನ ಇರುತ್ತಾರೆ. ಇಡೀ ಕೌಂಟಿಯಿಂದ ಆಯ್ಕೆಯಾದ ಕೌಂಟಿ ಜಡ್ಜ್ ಒಬ್ಬರು, ನಾಲ್ಕು ಭಾಗಗಳಿಂದ ಆಯ್ಕೆಯಾದ ಕಮಿಷನರ್‌ಗಳು ನಾಲ್ವರು. ಎಲ್ಲರಿಗೂ ನಾಲ್ಕು ವರ್ಷದ ಅವಧಿ. ತೆರಿಗೆ ದರ, ಬಜೆಟ್ಟು, ಜೈಲಿನ ಖರ್ಚು, ಷೆರಿಫರ (ಕೌಂಟಿಯ ಪೊಲೀಸ್ ಮುಖ್ಯಸ್ಥರ) ಗಾಡಿಗಳು, ರಸ್ತೆ, ಸೇತುವೆ ಎಲ್ಲ ಇವರ ಮುಂದೆ ಬರಬೇಕು. ಕೆಲವು ಕೌಂಟಿಗಳಲ್ಲಿ ಒಬ್ಬೊಬ್ಬ ಕಮಿಷನರ್ ತನ್ನ ಭಾಗದ ರಸ್ತೆಗಳನ್ನು ತಾನೇ ನೋಡಿಕೊಳ್ಳುತ್ತಾರೆ. ಗ್ರೇಡರ್, ಲಾರಿ, ಆಳುಗಳು ಎಲ್ಲ ಬೇರೆ ಬೇರೆ. ಇನ್ನು ಕೆಲವು ಕಡೆ ಇಡೀ ಕೌಂಟಿಗೆ ಒಬ್ಬ ಎಂಜಿನಿಯರ್, ಒಂದೇ ರಸ್ತೆ ಇಲಾಖೆ. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ರಸ್ತೆ ಹಾಳಾಗುವುದು ಮತಕ್ಷೇತ್ರ ನೋಡಿಕೊಂಡು ಅಲ್ಲ, ಅಲ್ವಾ?

ಸಭೆಗೆ ಮೂರು ಕೆಲಸದ ದಿನ ಮೊದಲೇ ಅಜೆಂಡಾ ಪ್ರಕಟ ಮಾಡಬೇಕು ಅಂತ ಕಾನೂನು. ಅಜೆಂಡಾದಲ್ಲಿ ಇಲ್ಲದ ವಿಷಯದ ಮೇಲೆ ಮತ ಹಾಕುವಂತಿಲ್ಲ. ನಾನು ಅದನ್ನು ಮನೆಯಲ್ಲೇ ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿದು ಓದುತ್ತೇನೆ. ಮೊದಲ ಭಾಗ ಕನ್ಸೆಂಟ್ ಅಜೆಂಡಾ. ಇಪ್ಪತ್ತು ಮೂವತ್ತು ವಿಷಯಗಳನ್ನು ಒಟ್ಟಿಗೆ ಸೇರಿಸಿ ಒಂದೇ ಮತದಲ್ಲಿ ಪಾಸು ಮಾಡುತ್ತಾರೆ. "ಒಪ್ಪಿಗೆಯೇ? ಒಪ್ಪಿಗೆ." ಒಂದು ನಿಮಿಷ ಸಾಕು. ಹೊಸಬರು ಇದನ್ನು ಓದದೆ ಮುಂದಿನ ಪುಟಕ್ಕೆ ಹೋಗುತ್ತಾರೆ. ನಾನು ಇಲ್ಲಿಂದಲೇ ಶುರುಮಾಡುತ್ತೇನೆ, ಯಾಕೆಂದರೆ ಬಿಲ್ಲುಗಳ ಪಟ್ಟಿ ಇರುವುದು ಇಲ್ಲೇ. ಜಲ್ಲಿ, ಡೀಸೆಲ್, ಟೈರು, ಪೈಪು, ಜೈಲಿನ ಊಟ, ಕಾಗದ. ದೊಡ್ಡ ವಿಷಯದ ಮೇಲೆ ಜನ ಬಂದು ಜೋರಾಗಿ ಮಾತಾಡುತ್ತಾರೆ, ಪತ್ರಿಕೆಯವರು ಬರೆಯುತ್ತಾರೆ. ಡೀಸೆಲ್ ಬಿಲ್ಲನ್ನು ಯಾರು ನೋಡುತ್ತಾರೆ?

ನೋಡುವವರು ಒಬ್ಬರಿದ್ದಾರೆ. ಅವರೇ ಕೌಂಟಿ ಆಡಿಟರ್. ಈ ಹುದ್ದೆಯ ಬಗ್ಗೆ ತಿಳಿದ ದಿನ ನನಗೆ ಎಷ್ಟು ಸಂತೋಷ ಆಯಿತು ಅಂದರೆ, ಹಳೇ ಸಹೋದ್ಯೋಗಿಗೆ ಫೋನ್ ಮಾಡಿ ಹೇಳಿದೆ. ಇಲ್ಲಿ ಆಡಿಟರ್‌ನನ್ನು ನೇಮಿಸುವುದು ಕಮಿಷನರ್‌ಗಳಲ್ಲ. ಆ ಪ್ರದೇಶದ ಡಿಸ್ಟ್ರಿಕ್ಟ್ ಜಡ್ಜ್‌ಗಳು ಸೇರಿ ಎರಡು ವರ್ಷದ ಅವಧಿಗೆ ನೇಮಿಸುತ್ತಾರೆ. ಆಡಿಟರ್ ಪರಿಶೀಲಿಸಿ ಒಪ್ಪಿಗೆ ಕೊಡದೆ ಕಮಿಷನರ್‌ಗಳು ಯಾವ ಬಿಲ್ಲಿಗೂ ಹಣ ಕೊಡುವಂತಿಲ್ಲ. ಹಣ ಖರ್ಚು ಮಾಡುವವರ ಕೈಯಲ್ಲಿ ಲೆಕ್ಕ ನೋಡುವವರ ನೌಕರಿ ಇಲ್ಲ. ಬಿಲ್ ಪಾಸು ಮಾಡುವ ಮೇಜಿಗೆ ಒತ್ತಡ ಎಲ್ಲಿಂದ ಬರುತ್ತದೆ ಅನ್ನುವುದು ಆ ಮೇಜಿನಲ್ಲಿ ಕೂತವರಿಗೆ ಮಾತ್ರ ಗೊತ್ತು. "ಸಾಹೇಬರು ಹೇಳಿದ್ದಾರೆ, ಇವತ್ತೇ ಆಗಬೇಕು" ಅನ್ನುವ ಮಾತನ್ನು ನಾನು ಸಾವಿರ ಸಲ ಕೇಳಿದ್ದೇನೆ. ಆ ಮಾತು ಕೇಳದ ಮೇಜು ಒಂದಿದೆ ಅಂತ ತಿಳಿದಾಗ ಸಮಾಧಾನ ಆಯಿತು.

ಆದರೂ ಆಡಿಟರ್ ಒಬ್ಬರೇ ಸಾಕಾಗುವುದಿಲ್ಲ. ಇದೇ ರಾಜ್ಯದ ದಕ್ಷಿಣ ತುದಿಯಲ್ಲಿ ಕ್ಯಾಮರಾನ್ ಕೌಂಟಿ ಇದೆ. ಅಲ್ಲಿ ಬಾಲಾಪರಾಧಿಗಳ ಕೇಂದ್ರದ ಅಡುಗೆಮನೆಯ ನೌಕರನೊಬ್ಬ ಒಂಬತ್ತು ವರ್ಷ ಕೌಂಟಿಯ ಹಣದಲ್ಲಿ ಫಜೀಟಾ ಅನ್ನುವ ಮೆಕ್ಸಿಕನ್ ಥರದ ಅಡುಗೆಯ ಮಾಂಸ ತರಿಸಿ ಹೊರಗೆ ಮಾರಿಕೊಂಡ. ಒಟ್ಟು 12 ಲಕ್ಷ ಡಾಲರಿಗೂ ಜಾಸ್ತಿ. 2017ರಲ್ಲಿ ಅವನು ಆಸ್ಪತ್ರೆಗೆ ಅಂತ ಒಂದು ದಿನ ರಜೆ ಹಾಕಿದ. ಅವತ್ತು ಮಾಂಸದ ಲಾರಿಯವನು ಫೋನ್ ಮಾಡಿ, 800 ಪೌಂಡ್ ಫಜೀಟಾ ತಂದಿದ್ದೇನೆ ಅಂದ. ಫೋನ್ ಎತ್ತಿದವರು, ನಾವು ಇಲ್ಲಿ ಮಕ್ಕಳಿಗೆ ಫಜೀಟಾ ಬಡಿಸುವುದೇ ಇಲ್ಲವಲ್ಲ ಅಂದರು. ಅಲ್ಲಿಗೆ ಎಲ್ಲ ಬಯಲಾಯಿತು. ಮರುವರ್ಷ ಅವನಿಗೆ 50 ವರ್ಷ ಶಿಕ್ಷೆ ಆಯಿತು.

ಇನ್ನೊಂದು ಇಲಿನಾಯ್ ರಾಜ್ಯದ್ದು. ಅದು ಕೌಂಟಿ ಅಲ್ಲ, ಡಿಕ್ಸನ್ ಅನ್ನುವ ಊರು. ಸುಮಾರು 16,000 ಜನ. ಊರಿನ ಹಣಕಾಸು ಅಧಿಕಾರಿ ರೀಟಾ ಕ್ರಂಡ್‌ವೆಲ್ 1990ರಲ್ಲಿ ಊರಿನ ಹೆಸರಿನಲ್ಲಿ ಒಂದು ಗುಟ್ಟಿನ ಬ್ಯಾಂಕ್ ಖಾತೆ ತೆರೆದರು. ರಾಜ್ಯ ಸರ್ಕಾರದಿಂದ ಬಂದ ಹಾಗೆ ಸುಳ್ಳು ಬಿಲ್ಲು ತಾವೇ ಮಾಡಿಕೊಂಡು ಹಣವನ್ನು ಆ ಖಾತೆಗೆ ಸಾಗಿಸಿದರು. ಎರಡು ದಶಕಗಳಲ್ಲಿ 5 ಕೋಟಿ 30 ಲಕ್ಷ ಡಾಲರಿಗೂ ಜಾಸ್ತಿ. ಊರಿನಲ್ಲಿ ರಸ್ತೆ ರಿಪೇರಿಗೆ ದುಡ್ಡಿಲ್ಲ ಅನ್ನುವಾಗ ಅವರು ತಳಿ ಕುದುರೆಗಳನ್ನು ಸಾಕುತ್ತಿದ್ದರು. 2011ರಲ್ಲಿ ಅವರು ದೀರ್ಘ ರಜೆಯಲ್ಲಿದ್ದಾಗ, ಅವರ ಜಾಗದಲ್ಲಿ ಕೆಲಸ ನೋಡುತ್ತಿದ್ದ ಗುಮಾಸ್ತೆ ಬ್ಯಾಂಕಿನಿಂದ ಎಲ್ಲ ಖಾತೆಗಳ ಪಟ್ಟಿ ತರಿಸಿದರು. ಗೊತ್ತಿಲ್ಲದ ಖಾತೆಯೊಂದು ಕಾಣಿಸಿತು. ಮೇಯರಿಗೆ ತೋರಿಸಿದರು. 2013ರಲ್ಲಿ ಕ್ರಂಡ್‌ವೆಲ್‌ಗೆ 19 ವರ್ಷ 7 ತಿಂಗಳ ಶಿಕ್ಷೆ ಆಯಿತು. ಅಷ್ಟೂ ವರ್ಷ ಹೊರಗಿನ ಆಡಿಟರ್‌ಗಳು ಸಹಿ ಹಾಕುತ್ತಲೇ ಬಂದಿದ್ದರು.

ಎರಡೂ ಕಡೆ ಹಿಡಿದವರು ಯಾರು ನೋಡಿ. ಅವರು ರಜೆಯಲ್ಲಿದ್ದಾಗ ಅವರ ಕೆಲಸ ನೋಡಿದವರು. ಒಬ್ಬರೇ ಆರ್ಡರ್ ಮಾಡಿ, ಒಬ್ಬರೇ ಸರಕು ಇಳಿಸಿಕೊಂಡು, ಒಬ್ಬರೇ ಬಿಲ್ಲು ಕಳಿಸುತ್ತಿದ್ದರೆ ಎಷ್ಟು ಸಹಿ ಇದ್ದರೂ ಪ್ರಯೋಜನ ಇಲ್ಲ. ವರ್ಷಗಟ್ಟಲೆ ಒಂದು ದಿನವೂ ರಜೆ ಹಾಕದ ಕ್ಯಾಷಿಯರ್ ಬಗ್ಗೆ ನಮ್ಮ ಆಫೀಸಿನ ಹಿರಿಯ ಮೇಡಂ ಒಬ್ಬರು ಎಚ್ಚರ ಹೇಳುತ್ತಿದ್ದರು. "ಅವರಿಗೆ ನೀನೇ ರಜೆ ಬರೆದು ಕೊಡು" ಅನ್ನುತ್ತಿದ್ದರು. ನಾನು ಅದನ್ನು ಸರ್ವಿಸ್ ಪೂರ್ತಿ ಪಾಲಿಸಿದೆ.

ಒಂದು ಸಲ ಕನ್ಸೆಂಟ್ ಪಟ್ಟಿಯಲ್ಲಿ ನನಗೂ ಒಂದು ಕಾಣಿಸಿತು. ಒಂದೇ ಕಂಪನಿಗೆ, ಒಂದೇ ಮೊತ್ತ, ಎರಡು ವಾರ ಸತತವಾಗಿ. ಜಲ್ಲಿಯ ಬಿಲ್ಲು, ಸೆಂಟಿನವರೆಗೂ ಹೊಂದುತ್ತಿತ್ತು. ನನ್ನ ಎದೆ ಹೊಡೆದುಕೊಂಡಿತು. ಮಗಳ ಕೈಲಿ ಆಡಿಟರ್ ಕಚೇರಿಗೆ ಮೇಲ್ ಹಾಕಿಸಿದೆ. ಎರಡೇ ದಿನದಲ್ಲಿ ಉತ್ತರ ಬಂತು. ಎರಡು ಬೇರೆ ಯಾರ್ಡ್‌ಗಳಿಗೆ ಅಷ್ಟಷ್ಟೇ ಲೋಡು ಹೋಗಿತ್ತು. ಒಪ್ಪಂದದ ದರ ಒಂದೇ ಆದ್ದರಿಂದ ಮೊತ್ತವೂ ಒಂದೇ. ಲೋಡಿನ ತೂಕದ ಚೀಟಿಗಳ ಪ್ರತಿಯನ್ನೂ ಕಳಿಸಿದ್ದರು. ಅದನ್ನು ನೋಡಿ ನನಗೆ ಬೇಸರ ಆಗಲಿಲ್ಲ, ನೆಮ್ಮದಿ ಆಯಿತು. ಕೇಳಿದ ಪ್ರಶ್ನೆಗೆ ಚೀಟಿ ಸಮೇತ ಉತ್ತರ ಸಿಕ್ಕಿತು. ಬೇರೇನು ಬೇಕು?

ಮೋರಿಗೆ ಬರುತ್ತೇನೆ. ಇಲ್ಲಿ ಸೇತುವೆಗಳ ತಪಾಸಣೆಗೆ ದೇಶಕ್ಕೆಲ್ಲ ಒಂದು ನಿಯಮ ಇದೆ. ಅದು ಹುಟ್ಟಿದ್ದು ಒಂದು ದುರಂತದಿಂದ. 1967ರ ಡಿಸೆಂಬರ್ 15ರ ಸಂಜೆ, ವೆಸ್ಟ್ ವರ್ಜೀನಿಯಾದ ಪಾಯಿಂಟ್ ಪ್ಲೆಸೆಂಟ್ ಹತ್ತಿರ ಓಹಾಯೋ ನದಿಯ ಮೇಲಿನ ಸಿಲ್ವರ್ ಬ್ರಿಡ್ಜ್ ಕುಸಿದು 46 ಜನ ಸತ್ತರು. ಕಾರಣ ಒಂದೇ ಒಂದು ಉಕ್ಕಿನ ಪಟ್ಟಿಯಲ್ಲಿ ಇದ್ದ, ಹೊರಗೆ ಕಾಣದ ಸಣ್ಣ ಬಿರುಕು. ಆಮೇಲೆ 1971ರಲ್ಲಿ ರಾಷ್ಟ್ರೀಯ ತಪಾಸಣೆ ನಿಯಮ ಬಂತು. ಸಾಮಾನ್ಯವಾಗಿ 24 ತಿಂಗಳಿಗೊಮ್ಮೆ ಪ್ರತಿ ಸೇತುವೆಯನ್ನೂ ನೋಡಬೇಕು. ಆದರೆ ಆ ನಿಯಮಕ್ಕೆ ಸೇತುವೆ ಅಂದರೆ 20 ಅಡಿಗಿಂತ ಉದ್ದ ಇರಬೇಕು. ನಮ್ಮ ಮೋರಿ ಅದರ ಅರ್ಧವೂ ಇರಲಿಲ್ಲ. ಅಂಥ ಮೋರಿಯನ್ನು ನೋಡುವುದು ಕೌಂಟಿಯ ರಸ್ತೆ ಆಳುಗಳ ಕಣ್ಣು ಮಾತ್ರ. ಇದು ತಿಳಿದ ಮೇಲೆ ನಾನು ಸಭೆಗೆ ಹೋಗಲು ಶುರುಮಾಡಿದೆ.

ಎರಡು ತಿಂಗಳಿಗೆ ಮೋರಿ ಅಜೆಂಡಾದಲ್ಲಿ ಬಂತು. ಹೊಸ ಕಾಂಕ್ರೀಟ್ ಪೆಟ್ಟಿಗೆ ಮೋರಿ, ಟೆಂಡರ್ ಕರೆಯಲು ಅನುಮತಿ. ಇಲ್ಲಿನ ನಿಯಮದ ಪ್ರಕಾರ ಒಂದು ಮಿತಿಗಿಂತ ಜಾಸ್ತಿ ಹಣದ ಕೆಲಸಕ್ಕೆ ಮುಚ್ಚಿದ ಲಕೋಟೆಯಲ್ಲಿ ಟೆಂಡರ್ ಬೇಕು. ಆ ಮಿತಿ ಹಲವು ವರ್ಷ 50,000 ಡಾಲರ್ ಇತ್ತು. ಲಕೋಟೆ ತೆರೆಯುವುದಕ್ಕೆ 14 ದಿನಕ್ಕಿಂತ ಮೊದಲೇ ಪತ್ರಿಕೆಯಲ್ಲಿ ಜಾಹೀರಾತು ಬರಬೇಕು. ಒಂದು ಕೆಲಸವನ್ನು ಬೇಕಂತಲೇ ಚೂರುಚೂರು ಮಾಡಿ ಮಿತಿಯ ಕೆಳಗೆ ತಂದರೆ ಅದು ಶಿಕ್ಷೆ ಆಗುವ ಅಪರಾಧ. ತುಂಡು ಗುತ್ತಿಗೆ ಅನ್ನುವ ಮಾತು ಗೊತ್ತಿರುವ ಯಾರಿಗೂ ಈ ಕಾನೂನು ಯಾಕೆ ಬೇಕು ಅಂತ ವಿವರಿಸಬೇಕಾಗಿಲ್ಲ.

ಲಕೋಟೆ ತೆರೆಯುವ ದಿನವೂ ಹೋಗಿದ್ದೆ. ಐದು ಜನ ಟೆಂಡರ್ ಹಾಕಿದ್ದರು. ಒಬ್ಬರ ಲಕೋಟೆ ನಾಲ್ಕು ನಿಮಿಷ ತಡವಾಗಿ ಬಂತು. ತೆರೆಯದೇ ವಾಪಸ್ ಕೊಟ್ಟರು. ತಂದ ಹುಡುಗ ಟ್ರಾಫಿಕ್ ಅಂತ ಬೇಡಿಕೊಂಡ. ಅವನ ಮುಖ ನೋಡಿ ನನಗೆ ಸಂಕಟ ಆಯಿತು. ಆದರೂ ವಾಪಸ್ ಕೊಟ್ಟಿದ್ದು ಸರಿ. ನಾಲ್ಕು ನಿಮಿಷ ಬಿಟ್ಟರೆ ನಾಳೆ ನಲವತ್ತು ನಿಮಿಷ ಕೇಳುತ್ತಾರೆ.

ಕೆಲಸ ಶುರುವಾದ ಮೂರನೇ ವಾರ ಚೇಂಜ್ ಆರ್ಡರ್ ಬಂತು. ಅಗೆಯುವಾಗ ಬಂಡೆ ಸಿಕ್ಕಿದೆ, ಹೆಚ್ಚುವರಿ ಹಣ ಬೇಕು. ಒಟ್ಟು ಒಪ್ಪಂದದ ಶೇಕಡಾ 11ರಷ್ಟು. ಕಾನೂನಿನ ಮಿತಿ ಶೇಕಡಾ 25, ಹಾಗಾಗಿ ಅದರೊಳಗೇ ಇತ್ತು. ಆದರೆ ಬಂಡೆಯ ಬಿಲ್ಲು ಅಂದರೆ ನನ್ನ ಕೈ ತಾನಾಗಿ ನಿಲ್ಲುತ್ತದೆ. ಮೆದು ಮಣ್ಣು, ಗಟ್ಟಿ ಮಣ್ಣು, ಮೆದು ಬಂಡೆ, ಗಟ್ಟಿ ಬಂಡೆ, ಒಂದೊಂದಕ್ಕೂ ಒಂದೊಂದು ದರ. ಗುಂಡಿ ಮುಚ್ಚಿದ ಮೇಲೆ ಒಳಗೆ ಯಾವುದಿತ್ತು ಅಂತ ಹೇಳುವುದು ಅಳತೆ ಪುಸ್ತಕ ಮಾತ್ರ. ಈ ಭಾಗದಲ್ಲಿ ಐ-35 ಹೆದ್ದಾರಿಯ ಪೂರ್ವಕ್ಕೆ ಕಪ್ಪು ಜೇಡಿ, ಥೇಟ್ ನಮ್ಮ ಎರೆಮಣ್ಣು. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿದು ರಸ್ತೆಯನ್ನು ಮುರಿಯುತ್ತದೆ. ಪಶ್ಚಿಮಕ್ಕೆ ಸುಣ್ಣದ ಕಲ್ಲು. ನಮ್ಮ ಹಳ್ಳ ಎರಡರ ನಡುವೆ ಇದೆ. ಬಂಡೆ ಸಿಗುವುದು ಸಾಧ್ಯ. ಆದರೆ ಎಸ್ಟಿಮೇಟ್ ಮಾಡುವಾಗಲೇ ಯಾಕೆ ಗೊತ್ತಾಗಲಿಲ್ಲ?

ಕೇಳಲೇಬೇಕು ಅನ್ನಿಸಿತು. ಆದರೆ ನನ್ನದು ಫೈಲಿನ ಇಂಗ್ಲಿಷ್. ಓದುತ್ತೇನೆ, ಬರೆಯುತ್ತೇನೆ. ಮೈಕಿನ ಮುಂದೆ ನಿಂತರೆ ಮಾತು ಹೊರಡುವುದಿಲ್ಲ. ಮಗಳು ನಿಯಮ ಓದಿ ಹೇಳಿದಳು. ಅಜೆಂಡಾದಲ್ಲಿರುವ ಯಾವ ವಿಷಯದ ಮೇಲೂ ಸಾರ್ವಜನಿಕರು ಮಾತಾಡಬಹುದು ಅಂತ 2019ರಲ್ಲಿ ಕಾನೂನು ಮಾಡಿದ್ದಾರೆ. ಅದರಲ್ಲೇ ಇನ್ನೊಂದು ಮಾತಿದೆ. ಅನುವಾದಕರ ಮೂಲಕ ಮಾತಾಡುವವರಿಗೆ ಎರಡು ಪಟ್ಟು ಸಮಯ ಕೊಡಬೇಕು. ನಮ್ಮ ಕೌಂಟಿಯಲ್ಲಿ ಒಬ್ಬರಿಗೆ ಮೂರು ನಿಮಿಷ. ಹಾಗಾದರೆ ನನಗೆ ಆರು. "ಅಮ್ಮ, ನೀನು ಕನ್ನಡದಲ್ಲೇ ಮಾತಾಡು. ನಾನು ಹೇಳ್ತೀನಿ" ಅಂದಳು. ಅವತ್ತು ಅರ್ಧ ದಿನ ರಜೆ ಹಾಕಿ ಬಂದಳು.

ಚೀಟಿ ಬರೆದು ಕೊಟ್ಟೆ. ಹೆಸರು ಕರೆದರು. ಕಾಲು ನಡುಗುತ್ತಿತ್ತು. ನಾನು ಇಲ್ಲಿ ಮತ ಹಾಕುವವಳಲ್ಲ, ಆದರೆ ನನ್ನ ಮೊಮ್ಮಗಳು ಆ ಮೋರಿಯ ಮೇಲೆ ದಿನಾ ಎರಡು ಸಲ ಹೋಗುತ್ತಾಳೆ ಅಂದೆ. ಆಮೇಲೆ ಎರಡೇ ಪ್ರಶ್ನೆ ಕೇಳಿದೆ. ಎಸ್ಟಿಮೇಟಿಗೆ ಮೊದಲು ಎಷ್ಟು ಕಡೆ ಬೋರ್ ಹಾಕಿ ಮಣ್ಣು ನೋಡಿದ್ದೀರಿ? ಬಂಡೆ ಅಗೆದಾಗ ಅಳತೆ ತೆಗೆದುಕೊಂಡವರು ಯಾರು, ಕಂಟ್ರಾಕ್ಟರ್ ಕಡೆಯವರೋ, ಕೌಂಟಿಯವರೋ? ಮಗಳು ಒಂದೊಂದೇ ವಾಕ್ಯ ಇಂಗ್ಲಿಷ್‌ನಲ್ಲಿ ಹೇಳಿದಳು. ಆ ಹಾಲ್‌ನಲ್ಲಿ ಅದಕ್ಕೆ ಮೊದಲು ಯಾರಾದರೂ ಕನ್ನಡ ಮಾತಾಡಿದ್ದರೋ ಇಲ್ಲವೋ. ಮಧ್ಯದಲ್ಲಿ ಕೂತಿದ್ದ ಜಡ್ಜ್ ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು.

ಎಂಜಿನಿಯರ್ ಎದ್ದು ಉತ್ತರ ಕೊಟ್ಟರು. ಬೋರ್ ಹಾಕಿದ್ದು ಒಂದೇ ಕಡೆ, ಪೂರ್ವದ ದಂಡೆಯಲ್ಲಿ. ಅಲ್ಲಿ ಜೇಡಿ ಇತ್ತು. ಪಶ್ಚಿಮದ ದಂಡೆಯಲ್ಲಿ ಬಂಡೆ ಮೇಲಕ್ಕೇ ಬಂದಿತ್ತು. ಅಳತೆ ತೆಗೆದದ್ದು ಕೌಂಟಿಯ ಇನ್‌ಸ್ಪೆಕ್ಟರ್, ತಾರೀಖು ಹಾಕಿದ ಫೋಟೋ ಇವೆ. ಫೋಟೋಗಳನ್ನು ಪರದೆಯ ಮೇಲೆ ತೋರಿಸಿದರು. ಸುಣ್ಣದ ಕಲ್ಲು ಬೆಳ್ಳಗೆ ಕಾಣುತ್ತಿತ್ತು. ಪಕ್ಕದಲ್ಲಿ ಅಳತೆ ಕೋಲು. ನನ್ನ ಎರಡನೇ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿತು. ಮೊದಲನೆಯದಕ್ಕೆ ನಮ್ಮ ಭಾಗದ ಕಮಿಷನರ್ ಒಂದು ಮಾತು ಸೇರಿಸಿದರು. ಇನ್ನು ಮುಂದೆ ಮೋರಿ ಕೆಲಸಗಳಿಗೆ ಎರಡೂ ದಂಡೆಯಲ್ಲಿ ಬೋರ್ ಹಾಕಿದ ವರದಿ ಟೆಂಡರ್ ಜೊತೆಗೇ ಇರಲಿ ಅಂದರು. ಚೇಂಜ್ ಆರ್ಡರ್ ಐದು ಮತದಿಂದ ಪಾಸಾಯಿತು. ಪಾಸಾಗಬೇಕಾದದ್ದೇ.

ಹೋದ ತಿಂಗಳು ಮೋರಿ ಕನ್ಸೆಂಟ್ ಪಟ್ಟಿಯಲ್ಲಿ ಕೊನೇ ಸಲ ಬಂತು. ಪ್ರತಿ ಬಿಲ್ಲಿನಿಂದ ಹಿಡಿದಿಟ್ಟಿದ್ದ 5 ಪರ್ಸೆಂಟ್ ಹಣವನ್ನು ಕಂಟ್ರಾಕ್ಟರಿಗೆ ಬಿಡುಗಡೆ ಮಾಡುವ ವಿಷಯ. ಆ ಹಣ ಕೊಟ್ಟ ಮೇಲೆ ಕರೆದರೆ ಬರುವವರು ಕಡಿಮೆ. ಹಾಗಾಗಿ ಸಭೆಗೆ ಮುಂಚಿನ ಭಾನುವಾರ ಮೊಮ್ಮಗಳನ್ನು ಕರೆದುಕೊಂಡು ಹೋದೆ. ಹಿಂದಿನ ರಾತ್ರಿ ಮಳೆ ಬಂದಿತ್ತು. ಮೋರಿಯ ಒಳಗೆ ನೀರು ನಿಂತಿದೆಯಾ ನೋಡಿದೆವು. ನಿಂತಿರಲಿಲ್ಲ. ಮೋರಿಯ ಬಾಯಿಯ ಪಕ್ಕದ ರೆಕ್ಕೆ ಗೋಡೆಯ ಹಿಂದೆ ಮಣ್ಣು ಕುಸಿದಿದೆಯಾ ನೋಡಿದೆವು. ಇಲ್ಲ. ಹೊಸ ಡಾಂಬರು ಹಳೇ ಡಾಂಬರಿಗೆ ಸೇರುವ ಕಡೆ ಅವಳು ಬಗ್ಗಿ ಕೈ ಇಟ್ಟಳು. "ಅಜ್ಜಿ, ಇಲ್ಲಿ ಒಂಚೂರು ಬಿರುಕಿದೆ" ಅಂದಳು. ಕೂದಲೆಳೆಯಷ್ಟು. ಫೋಟೋ ತೆಗೆದೆವು. ಸೋಮವಾರ ಬೆಳಿಗ್ಗೆ ರಸ್ತೆ ಇಲಾಖೆಗೆ ಕಳಿಸಿದೆವು. ಮಂಗಳವಾರ ಆ ವಿಷಯವನ್ನು ಕನ್ಸೆಂಟ್ ಪಟ್ಟಿಯಿಂದ ತೆಗೆದು ಎರಡು ವಾರ ಮುಂದಕ್ಕೆ ಹಾಕಿದರು. ಗುರುವಾರ ಕಂಟ್ರಾಕ್ಟರ್ ಕಡೆಯ ಇಬ್ಬರು ಬಂದು ಬಿರುಕಿಗೆ ಟಾರು ತುಂಬಿಸಿ ಹೋದರು ಅಂತ ಬಸ್ಸು ಇಳಿದ ತಕ್ಷಣ ಅವಳೇ ಓಡಿಬಂದು ಹೇಳಿದಳು.